ಕ್ಯಾಂಪರ್ ವ್ಯಾನ್‌ನಲ್ಲಿ ಕರಾವಳಿಗೆ: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಈ ಪ್ರಶ್ನೆಗಳು ಶುರುವಾಗುತ್ತವೆ. ಕೆಲವು ಫೋನಿನಲ್ಲಿ ಬಂದವು, ಕೆಲವು ಗ್ಯಾರೇಜಿನಲ್ಲಿ, ಕೆಲವು ಮದುವೆ ಊಟದ ಪಂಕ್ತಿಯಲ್ಲಿ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಘಟ್ಟ ಇಳಿದು ಮಂಗಳೂರಿನಿಂದ ಕಾರವಾರದವರೆಗಿನ ದಾರಿ ಇಲ್ಲಿನ ವಿಷಯ. ಮೊದಲ ಸಲ ಹೊರಡುವವರ ಪ್ರಶ್ನೆಗಳು ಮೊದಲು, ಸ್ವಂತ ವ್ಯಾನ್ ಮಾಡಿಕೊಳ್ಳುವವರದು ಕೊನೆಗೆ.

## ಹೊರಡುವ ಮೊದಲು

ಕ್ಯಾಂಪರ್ ವ್ಯಾನ್ ಅಂದ್ರೆ ಟಿಟಿನೇ ಅಲ್ವಾ? ಅದರಲ್ಲೇನು ವಿಶೇಷ?

ಎಷ್ಟೋ ಸಲ ಗಾಡಿ ಅದೇ ಟಿಟಿ, ಅಂದರೆ ಟೆಂಪೊ ಟ್ರಾವೆಲರ್. ಹಿಂದಿನ ಸೀಟು ತೆಗೆದು ಮಂಚ, ಒಲೆ, ನೀರಿನ ಟ್ಯಾಂಕು, ಇನ್ನೊಂದು ಬ್ಯಾಟರಿ ಕೂರಿಸಿರುತ್ತಾರೆ. ಟಿಟಿಯಲ್ಲಿ ಹೋದರೆ ರಾತ್ರಿಗೆ ರೂಮು ಹುಡುಕಬೇಕು, ಇದರಲ್ಲಿ ನಿಲ್ಲಿಸೋಕೆ ಜಾಗ ಹುಡುಕಬೇಕು. ಅಷ್ಟೇ ವ್ಯತ್ಯಾಸ. ಆದರೆ ಪ್ರವಾಸದ ಲೆಕ್ಕಾಚಾರವನ್ನೆಲ್ಲ ಬದಲಾಯಿಸುವುದು ಇದೇ.

ಓಮ್ನಿ, ಈಕೋ ಇಬ್ಬರಿಗೆ ಸರಿ. ಟಿಟಿ ಅಳತೆಯದು ನಾಲ್ಕು ಜನರ ಮನೆಗೆ ಸಾಕು. ಬಸ್ಸಿನ ಚಾಸಿ ಮೇಲೆ ಕಟ್ಟಿದ ಕ್ಯಾರವಾನ್‌ಗಳಲ್ಲಿ ಟಾಯ್ಲೆಟ್, ಎಸಿ ಎಲ್ಲ ಇರುತ್ತವೆ. ಆದರೆ ಕರಾವಳಿಗೆ ಅಷ್ಟು ದೊಡ್ಡದು ಬೇಡ ಎಂಬುದು ನನ್ನ ಅಭಿಪ್ರಾಯ. ಹೆದ್ದಾರಿ ಅಗಲವಾಗಿದೆ, ಸರಿ. ಅದನ್ನು ಬಿಟ್ಟು ಕಡಲಿನ ಕಡೆ ತಿರುಗಿದರೆ ಎರಡೂ ಬದಿಗೆ ಕೆಂಪು ಕಲ್ಲಿನ ಪಾಗಾರ, ಮಧ್ಯೆ ಒಂದೇ ಗಾಡಿ ಹಿಡಿಯುವ ಓಣಿ. ಎದುರಿಗೆ ಮೀನಿನ ಟೆಂಪೊ ಬಂದರೆ ಹಿಂದಕ್ಕೆ ಹೋಗಬೇಕಾದವರು ನೀವೇ.

ಬೇಸಿಗೇಲಿ ಕರಾವಳಿಗಾ? ಬೆಂದು ಹೋಗಲ್ವಾ?

ಸೆಕೆ ಇದೆ, ಸುಳ್ಳು ಹೇಳುವುದಿಲ್ಲ. ಹಾಸನ ಸಮುದ್ರ ಮಟ್ಟಕ್ಕಿಂತ 950 ಮೀಟರಿಗೂ ಎತ್ತರದಲ್ಲಿದೆ, ಚಿಕ್ಕಮಗಳೂರು 1000 ದಾಟಿದೆ. ಅರ್ಧ ದಿನದಲ್ಲಿ ಅಷ್ಟೂ ಇಳಿದುಬಿಡುತ್ತೇವೆ. ಏಪ್ರಿಲ್‌, ಮೇನಲ್ಲಿ ಮಂಗಳೂರಿನ ಮಧ್ಯಾಹ್ನ 33–35 ಡಿಗ್ರಿ. ಅಂಕಿ ನೋಡಿದರೆ ದೊಡ್ಡದಲ್ಲ, ನಮ್ಮ ಅರಸೀಕೆರೆಯಲ್ಲೂ ಅಷ್ಟು ಬಿಸಿಲು ಇರುತ್ತದೆ. ಕಷ್ಟ ಕೊಡುವುದು ಗಾಳಿಯಲ್ಲಿರುವ ತೇವ. ಬೆವರು ಆರುವುದಿಲ್ಲ, ರಾತ್ರಿಯೂ 25ಕ್ಕಿಂತ ಕೆಳಗೆ ಇಳಿಯುವುದು ಅಪರೂಪ.

ಹಾಗಾಗಿ ದಿನವನ್ನು ಎರಡು ಭಾಗ ಮಾಡಿಕೊಳ್ಳಿ. ಬೆಳಗ್ಗೆ ಬೆಳಕು ಹರಿಯುವಾಗಿಂದ ಒಂಬತ್ತರವರೆಗೆ ಕಡಲು. ಸಂಜೆ ನಾಲ್ಕೂವರೆ ಮೇಲೆ ಮತ್ತೆ ಕಡಲು. ನಡುವಿನ ಹೊತ್ತು ಊಟಕ್ಕೆ, ದೇವಸ್ಥಾನದ ತಂಪು ಕಲ್ಲಿಗೆ, ಇಲ್ಲವೇ ಡ್ರೈವಿಂಗಿಗೆ.

ನನ್ನನ್ನು ಕೇಳಿದರೆ ಡಿಸೆಂಬರ್, ಜನವರಿಯೇ ಹಿತ. ಮಕ್ಕಳ ರಜೆ ನನ್ನನ್ನು ಕೇಳಿ ಬರುವುದಿಲ್ಲವಲ್ಲ. ಬೇಸಿಗೆಗೂ ಅದರದೇ ಲಾಭ ಇದೆ. ಮೀನುಗಾರಿಕೆ ನಿಷೇಧ ಶುರುವಾಗುವುದು ಜೂನ್ 1ಕ್ಕೆ, ಅಲ್ಲಿಯವರೆಗೆ ತಾಜಾ ಮೀನು ಸಿಗುತ್ತದೆ. ಮಾವು, ಹಲಸು, ಗೋಡಂಬಿ ಹಣ್ಣಿನ ಕಾಲ. ಯಕ್ಷಗಾನ ಮೇಳಗಳ ತಿರುಗಾಟವೂ ಪತ್ತನಾಜೆಯವರೆಗೆ, ಅಂದರೆ ಮೇ 24ರ ಆಸುಪಾಸಿನವರೆಗೆ ಇರುತ್ತದೆ.

ಮೂರು ದಿನದಲ್ಲಿ ಕಾರವಾರ ಮುಟ್ಟಿ ಬರಬಹುದಾ?

ಮುಟ್ಟಬಹುದು. ಹಾಸನದಿಂದ ಮಂಗಳೂರು ಸುಮಾರು 170 ಕಿಲೋಮೀಟರ್, ಅಲ್ಲಿಂದ ಕಾರವಾರ ಸುಮಾರು 270. ಆದರೆ ಅಷ್ಟಕ್ಕೆ ವ್ಯಾನ್ ಯಾಕೆ, ಕಾರು ಸಾಕಲ್ವಾ?

ಎಲ್ಲರೂ ನೋಡುವ ಜಾಗದ ಪಟ್ಟಿ ಮಾಡಿ, ರಾತ್ರಿ ಎಲ್ಲಾದರೂ ಮಲಗಿದರಾಯಿತು ಅನ್ನುತ್ತಾರೆ. ವ್ಯಾನಿನವರು ಇದನ್ನು ತಿರುವಿ ಹಾಕಬೇಕು. ಮೊದಲು ರಾತ್ರಿ ನಿಲ್ಲುವ ಜಾಗ ಗೊತ್ತು ಮಾಡಿ. ನಿಶ್ಚಿಂತೆಯಾಗಿ ನಿಲ್ಲಬಹುದಾದ ಎರಡು ಜಾಗ ಸಿಕ್ಕರೆ, ನಡುವೆ ಏನು ಬರುತ್ತದೋ ಅದೇ ಆ ದಿನದ ಪ್ರವಾಸ. ಕರಾವಳಿಯಲ್ಲಿ ದಿನಕ್ಕೆ 60–80 ಕಿಲೋಮೀಟರ್ ಸಾಕು. ಅದಕ್ಕಿಂತ ಜಾಸ್ತಿ ಓಡಿಸಿದರೆ ಸಂಜೆಯ ಕಡಲು ಕಿಟಕಿಯಲ್ಲೇ ಮುಗಿದುಹೋಗುತ್ತದೆ.

ಮೂರೇ ದಿನ ಇದ್ದರೆ ಉಡುಪಿ, ಕುಂದಾಪುರದ ಸುತ್ತ ಇರಿ. ಒಂದು ವಾರ ಇದ್ದರೆ ಗೋಕರ್ಣದವರೆಗೆ ಹೋಗಿ, ಹೊನ್ನಾವರಕ್ಕೆ ಹಿಂದಿರುಗಿ, ಗೇರುಸೊಪ್ಪೆ, ಜೋಗ, ಸಾಗರ, ಶಿವಮೊಗ್ಗದ ಮೇಲೆ ತರೀಕೆರೆಗೆ ಬನ್ನಿ. ಇಳಿದ ಘಟ್ಟವನ್ನೇ ಮತ್ತೆ ಹತ್ತುವ ಬೇಜಾರು ತಪ್ಪುತ್ತದೆ.

ಒಟ್ಟು ಖರ್ಚು ಎಷ್ಟಾಗುತ್ತೆ?

ಬಾಡಿಗೆ ಕಂಪನಿಯಿಂದ ಕಂಪನಿಗೆ ಬೇರೆ. ದಿನದ ದರ ಕೇಳಿ ಸುಮ್ಮನಾಗಬೇಡಿ. ದಿನಕ್ಕೆ ಎಷ್ಟು ಕಿಲೋಮೀಟರ್ ಮಿತಿ, ಮಿತಿ ದಾಟಿದರೆ ಎಷ್ಟು, ಡ್ರೈವರ್ ಬಾಟಾ ಸೇರಿದೆಯಾ, ಡ್ರೈವರ್ ಎಲ್ಲಿ ಮಲಗುತ್ತಾರೆ, ಇವನ್ನೆಲ್ಲ ಕೇಳಿ. ಕೊನೆಯ ಪ್ರಶ್ನೆ ಎಲ್ಲರೂ ಮರೆಯುತ್ತಾರೆ, ಮೊದಲ ರಾತ್ರಿ ಹತ್ತು ಗಂಟೆಗೆ ನೆನಪಾಗುತ್ತದೆ.

ಟಿಟಿ ಅಳತೆಯ ಗಾಡಿ ಲೀಟರಿಗೆ ಹತ್ತು ಕಿಲೋಮೀಟರಿನ ಸುತ್ತ ಕೊಡುತ್ತದೆ ಎಂದು ಡೀಸೆಲ್ ಲೆಕ್ಕ ಹಾಕಿ. ಟೋಲ್ ಬ್ರಹ್ಮರಕೂಟ್ಲು, ಹೆಜಮಾಡಿ, ಸಾಸ್ತಾನ, ಶಿರೂರು ಹೀಗೆ ಸಾಲಾಗಿ ಬರುತ್ತವೆ. ಸ್ವಂತದ ಬಿಳಿ ಬೋರ್ಡ್ ವ್ಯಾನ್ ಕಾರಿನ ವರ್ಗದಲ್ಲೇ ಇದ್ದರೆ 2025ರ ಆಗಸ್ಟ್‌ನಲ್ಲಿ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ನೋಡಿ. ಶುರುವಾದಾಗಿನ ದರ 3000 ರೂಪಾಯಿ, 200 ಸಲ ದಾಟಬಹುದು. ಬಾಡಿಗೆ ಗಾಡಿಗೆ ಅದು ಇಲ್ಲ.

ನನ್ನ ಹತ್ರ ಕಾರಿನ ಲೈಸೆನ್ಸ್ ಇದೆ. ಅದೇ ಸಾಕಾ?

ಗಾಡಿಯ ಒಟ್ಟು ತೂಕ 7500 ಕೆಜಿ ಒಳಗಿದ್ದರೆ ಎಲ್‌ಎಂವಿ, ಅಂದರೆ ಕಾರಿನಂಥ ಲಘು ವಾಹನದ ಲೈಸೆನ್ಸ್ ಸಾಕು. ಬಾಡಿಗೆ ಗಾಡಿಗೂ ಇದು ಅನ್ವಯಿಸುತ್ತದೆ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟಿಟಿ ಅಳತೆಯ ವ್ಯಾನ್‌ಗಳು ಇದರೊಳಗೆ ಬರುತ್ತವೆ.

ಲೈಸೆನ್ಸಿಗಿಂತ ನಂಬರ್ ಪ್ಲೇಟ್ ನೋಡುವುದು ಮುಖ್ಯ. ನೀವೇ ಓಡಿಸಲು ಕೊಡುವ ಬಾಡಿಗೆ ಗಾಡಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಯಾರೋ ತಮ್ಮ ಬಿಳಿ ಬೋರ್ಡ್ ವ್ಯಾನನ್ನು ‘ಕಮ್ಮಿಗೆ ಕೊಡ್ತೀನಿ’ ಅಂದರೆ ಬೇಡ. ಅಪಘಾತವಾದರೆ ಖಾಸಗಿ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದಾರೆ ಎಂದು ಇನ್ಶೂರೆನ್ಸಿನವರು ಕೈಯೆತ್ತಿಬಿಡಬಹುದು.

## ಘಟ್ಟ ಇಳಿಯುವುದು

ಶಿರಾಡಿ, ಚಾರ್ಮಾಡಿ, ಬಿಸಿಲೆ, ಆಗುಂಬೆ... ವ್ಯಾನಿಗೆ ಯಾವ ಘಟ್ಟ ಒಳ್ಳೇದು?

ಹಾಸನದವರಿಗೆ ಹತ್ತಿರದ ದಾರಿ ಸಕಲೇಶಪುರ ದಾಟಿ ಶಿರಾಡಿ. ಕಾಂಕ್ರೀಟ್ ರಸ್ತೆ, ಅಗಲ ಇದೆ, ತಿರುವು ಅಷ್ಟು ಬಿಗಿ ಇಲ್ಲ. ಬೇಜಾರು ಏನೆಂದರೆ ಲಾರಿ, ಬಸ್ಸು, ಮಂಗಳೂರಿನಿಂದ ಗ್ಯಾಸ್ ತರುವ ಬುಲೆಟ್ ಟ್ಯಾಂಕರ್‌ಗಳ ಸಾಲು. ಎದುರಿನ ಬೆಟ್ಟ ನೋಡೋಣ ಅಂದರೆ ಮುಂದಿನ ಟ್ಯಾಂಕರಿನ ಹಿಂಭಾಗವೇ ಕಾಣುತ್ತದೆ. ಮಳೆಗಾಲದಲ್ಲಿ ಇಲ್ಲಿ ಗುಡ್ಡ ಕುಸಿಯುತ್ತದೆ. 2024ರ ಜುಲೈನಲ್ಲಿ ದೊಡ್ಡತಪ್ಲು ಬಳಿ ಕುಸಿದು ಸಂಚಾರವೇ ನಿಂತಿತ್ತು. ಬೇಸಿಗೆಯಲ್ಲಿ ಆ ಭಯ ಕಡಿಮೆ. ದೊಡ್ಡ ಗಾಡಿ, ಹೊಸ ಕೈ ಆದರೆ ಇದೇ ಸರಿ.

ಚಿಕ್ಕಮಗಳೂರಿನವರಿಗೆ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಇಳಿಯುವುದು ನಮ್ಮವರ ರೂಢಿ. ನೋಟ ಚೆನ್ನಾಗಿದೆ, ರಸ್ತೆ ಇಕ್ಕಟ್ಟು. 2019ರ ಮಳೆಯಲ್ಲಿ ಕುಸಿದ ಮೇಲೆ ಭಾರಿ ವಾಹನಗಳಿಗೆ ತಡೆ ಹಾಕಿದ್ದಾರೆ. ಟಿಟಿ ಅಳತೆಯವರೆಗೆ ತೊಂದರೆ ಇಲ್ಲ, ಬಸ್ಸಿನ ಗಾತ್ರದ ಕ್ಯಾರವಾನ್ ಆದರೆ ಈ ದಾರಿ ಮರೆತುಬಿಡಿ. ಕೊಪ್ಪ, ಶೃಂಗೇರಿ ಕಡೆಯವರಿಗೆ ಆಗುಂಬೆ. ಹದಿನಾಲ್ಕು ಹೇರ್‌ಪಿನ್ ತಿರುವು, ಉದ್ದದ ಗಾಡಿಗೆ ಒಂದೇ ಸಲಕ್ಕೆ ತಿರುಗುವುದು ಕಷ್ಟ. ಬಿಸಿಲೆ ಕಾಡು ಬಹಳ ಚಂದ, ಆದರೆ ರಸ್ತೆ ಕಿರಿದು, ನಡುವೆ ಬಂಕು, ಗ್ಯಾರೇಜು ಏನೂ ಇಲ್ಲ. ಓಮ್ನಿಯಲ್ಲಿ ಹೋಗಿ, ಟಿಟಿಯಲ್ಲಿ ಬೇಡ.

ನನಗೆ ಇಷ್ಟ ಇವು ಯಾವುವೂ ಅಲ್ಲ. ಕಳಸ, ಕುದುರೆಮುಖದ ಮೇಲೆ ಕಾರ್ಕಳಕ್ಕೆ ಇಳಿಯುವ ದಾರಿ. ಸುತ್ತು ಜಾಸ್ತಿ, ಆದರೆ ಲಾರಿ ಕಾಟ ಇಲ್ಲ. ರಾಷ್ಟ್ರೀಯ ಉದ್ಯಾನದೊಳಗೆ ಹೋಗುವುದರಿಂದ ಚೆಕ್‌ಪೋಸ್ಟ್‌ನಲ್ಲಿ ಸಮಯ ಬರೆದುಕೊಳ್ಳುತ್ತಾರೆ. ನಡುವೆ ನಿಲ್ಲಿಸಿ ಒಲೆ ಹಚ್ಚುವುದೆಲ್ಲ ಆಗದ ಮಾತು. ಕಾಫಿಯನ್ನು ಕಳಸದಲ್ಲೇ ಮುಗಿಸಿ.

ಘಟ್ಟ ಇಳಿಯುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತೆ. ಗಾಡಿ ಕೆಟ್ಟಿದೆಯಾ?

ಗಾಡಿ ಕೆಟ್ಟಿಲ್ಲ, ಬ್ರೇಕ್ ಕಾದಿದೆ. ಮಂಚ, ಕಪಾಟು, ಬ್ಯಾಟರಿ, ಸಿಲಿಂಡರ್, ಜನ ಎಲ್ಲ ಸೇರಿ ವ್ಯಾನ್ ಯಾವಾಗಲೂ ಭಾರ. ನ್ಯೂಟ್ರಲ್‌ನಲ್ಲೋ ಟಾಪ್ ಗೇರಿನಲ್ಲೋ ಇಳಿಸಿದರೆ ಅಷ್ಟು ಭಾರವನ್ನೂ ಬ್ರೇಕ್ ಒಂದೇ ಹಿಡಿಯಬೇಕು. ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟೇ ಇದ್ದರೆ ಲೈನರ್ ಕಾಯುತ್ತದೆ, ಹಿಡಿತ ಕಮ್ಮಿಯಾಗುತ್ತದೆ, ಬ್ರೇಕ್ ಆಯಿಲ್ ಹಳೆಯದಾದರೆ ಕುದಿಯಲೂಬಹುದು.

ಹಳೆಯ ಲಾರಿ ಡ್ರೈವರ್‌ಗಳು ಹೇಳುವುದು ಸರಿ: ಹತ್ತುವ ಗೇರಿನಲ್ಲೇ ಇಳಿಯಬೇಕು. ಎರಡನೇ ಗೇರು ಹಾಕಿ ಎಂಜಿನ್ ಗಾಡಿಯನ್ನು ಹಿಡಿಯಲು ಬಿಡಿ. ಎಂಜಿನ್ ಕೂಗುತ್ತದೆ, ಕೂಗಲಿ. ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ, ಪೂರ್ತಿ ಬಿಡಿ.

ವಾಸನೆ ಬಂದೇಬಿಟ್ಟರೆ ಅಗಲ ಇರುವ ಕಡೆ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ಅರ್ಧ ಗಂಟೆ ಸುಮ್ನೆ ಕೂತರೆ ತಾನೇ ತಣಿಯುತ್ತದೆ. ಹೊರಡುವಾಗ ಆ ಕಲ್ಲನ್ನು ಬದಿಗೆ ಎಸೆಯಿರಿ. ರಸ್ತೆ ಮಧ್ಯೆ ಬಿಟ್ಟ ಕಲ್ಲಿಗೆ ರಾತ್ರಿ ಬೈಕಿನವರು ಬಿದ್ದರೆ ಯಾರು ಹೊಣೆ?

ಇನ್ನೊಂದು: ನೀರಿನ ಟ್ಯಾಂಕನ್ನು ಊರಲ್ಲೇ ತುಂಬಿಸಬೇಡಿ. 60 ಲೀಟರ್ ಅಂದರೆ 60 ಕೆಜಿ. ಅರ್ಧ ತುಂಬಿಸಿದರೆ ಇನ್ನೂ ಕಷ್ಟ, ಪ್ರತಿ ತಿರುವಿನಲ್ಲೂ ನೀರು ಒಂದು ಪಕ್ಕಕ್ಕೆ ಬಡಿದು ಗಾಡಿಯನ್ನು ಎಳೆಯುತ್ತದೆ. ಕುಡಿಯುವ ಕ್ಯಾನ್ ಮಾತ್ರ ತೆಗೆದುಕೊಂಡು, ಟ್ಯಾಂಕನ್ನು ಉಜಿರೆಯಲ್ಲೋ ಉಪ್ಪಿನಂಗಡಿಯಲ್ಲೋ ತುಂಬಿಸಿಕೊಳ್ಳಿ.

ರಾತ್ರಿ ಇಳಿದ್ರೆ ತಂಪು, ಟ್ರಾಫಿಕ್ಕೂ ಕಮ್ಮಿ ಅಲ್ವಾ?

ಶಿರಾಡಿಯಲ್ಲಿ ರಾತ್ರಿಯೇ ಲಾರಿ ಜಾಸ್ತಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಕಥೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೋಟದ ತಿರುವಿನಲ್ಲಿ ಎದುರಿಗೆ ನಿಂತರೆ ವ್ಯಾನನ್ನು ಬೇಗ ಹಿಂದಕ್ಕೆ ತೆಗೆಯಲು ಆಗುವುದಿಲ್ಲ. ಘಟ್ಟದಲ್ಲಿ ಫೋನ್ ಸಿಗ್ನಲ್ಲೂ ಇರುವುದಿಲ್ಲ, ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ. ಮೊದಲ ದಿನವೇ ಕಡಲು ಮುಟ್ಟಬೇಕೆಂಬ ಹಟ ಬೇಡ. ಧರ್ಮಸ್ಥಳ, ಸುಬ್ರಹ್ಮಣ್ಯ, ನೇತ್ರಾವತಿ–ಕುಮಾರಧಾರಾ ಸೇರುವ ಉಪ್ಪಿನಂಗಡಿ, ಇಂಥ ಘಟ್ಟದ ಬುಡದ ಊರಲ್ಲಿ ಒಂದು ರಾತ್ರಿ ನಿಂತರೆ ಮೈಯೂ ಸೆಕೆಗೆ ಒಗ್ಗುತ್ತದೆ.

ಮಕ್ಕಳಿಗೆ ಘಟ್ಟದಲ್ಲಿ ವಾಂತಿ. ಹಿಂದೆ ಮಂಚದ ಮೇಲೆ ಮಲಗಿಸಿಕೊಂಡು ಹೋಗಬಹುದಾ?

ಬೇಡ. ಓಡುವ ಗಾಡಿಯಲ್ಲಿ ಎಲ್ಲರೂ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು ಇರಬೇಕು. ಮುಂದಿನ ಸಾಲಿನಲ್ಲಿ ಕೂರಿಸಿ, ಮೊಬೈಲ್ ಕಿತ್ತಿಟ್ಟು, ದೂರದ ಬೆಟ್ಟ ನೋಡಲು ಹೇಳಿ. ಹೊರಡುವ ಮೊದಲು ಹಾಲು ಕೊಡಬೇಡಿ, ಇಡ್ಲಿ ಸಾಕು. ಕೈಯಲ್ಲಿ ಒಂದು ನಿಂಬೆಹಣ್ಣು.

## ರಾತ್ರಿ ನಿಲ್ಲುವುದು

ಬೀಚ್ ಮೇಲೇ ವ್ಯಾನ್ ನಿಲ್ಲಿಸಿ ಮಲಗ್ಬೇಕು ಅಂತ ಆಸೆ. ಆಗುತ್ತಾ?

ಎಲ್ಲರ ಆಸೆಯೂ ಇದೇ. ಮರಳಿನ ಮೇಲೆ ಆಗುವುದಿಲ್ಲ. ಸಂಜೆ ಒಣಗಿದ್ದ ಜಾಗಕ್ಕೆ ರಾತ್ರಿ ಭರತದಲ್ಲಿ ನೀರು ಬರುತ್ತದೆ, ಅಮಾವಾಸ್ಯೆ, ಹುಣ್ಣಿಮೆಗೆ ಇನ್ನೂ ಮೇಲೆ. ಕಡಲಾಮೆ ಮೊಟ್ಟೆಯಿಡುವ ತೀರಗಳೂ ಇವೆ. ಪೊಲೀಸರು ಬಂದು ಎಬ್ಬಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ಯಾರದೋ ಕೆಲಸದ ಜಾಗ. ಬೆಳಗಿನ ಜಾವ ನಾಲ್ಕಕ್ಕೆ ದೋಣಿ ಎಳೆಯುವವರಿಗೆ, ಬಲೆ ಹರಡುವವರಿಗೆ ನಿಮ್ಮ ವ್ಯಾನ್ ಅಡ್ಡ.

ಆಗುವ ದಾರಿ ಹೀಗಿದೆ. ಕಡಲಿನಿಂದ ಎರಡು ಮೂರು ನೂರು ಮೀಟರ್ ಒಳಗಿನ ಹೋಂಸ್ಟೇಗೆ ಫೋನ್ ಮಾಡಿ, ‘ರೂಮು ಬೇಡ, ಗಾಡಿ ನಿಲ್ಲಿಸೋಕೆ ಜಾಗ, ಒಂದು ಬಾತ್‌ರೂಮ್, ರಾತ್ರಿ ಊಟ’ ಎಂದು ಕೇಳಿ. ಕೆಲವರು ಇಲ್ಲ ಅನ್ನುತ್ತಾರೆ. ಒಪ್ಪುವವರು ರೂಮಿಗಿಂತ ಕಡಿಮೆಗೆ ಒಪ್ಪುತ್ತಾರೆ. ದೊಡ್ಡ ದೇವಸ್ಥಾನಗಳ ಪಾರ್ಕಿಂಗ್ ಇನ್ನೊಂದು ದಾರಿ. ಧರ್ಮಸ್ಥಳ, ಕೊಲ್ಲೂರು, ಮುರ್ಡೇಶ್ವರಕ್ಕೆ ರಾತ್ರಿಯಿಡೀ ಜನ ಬರುತ್ತಾರೆ, ಶೌಚಾಲಯವೂ ಹತ್ತಿರ. ಕಾವಲಿನವರನ್ನು ಕೇಳಿಯೇ ನಿಲ್ಲಿಸಿ.

ಯಾರದಾದರೂ ಮನೆಯ ಜಾಗ ಕೇಳುವುದಾದರೆ ಸಂಜೆ ಐದರೊಳಗೆ ಹೋಗಿ. ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು, ನಡೆದು ಹೋಗಿ, ಅಂಗಳದ ಹೊರಗೆ ನಿಂತು ಕೂಗಿ. ‘ಅಮ್ಮಾ, ನಾವು ಹಾಸನದವರು’ ಎಂದು ಊರ ಹೆಸರು ಹೇಳಿದರೆ ಅರ್ಧ ಅನುಮಾನ ಕಳೆಯುತ್ತದೆ. ಮುಂದಿನ ಪ್ರಶ್ನೆ ಬಹುಶಃ ಬೇಲೂರಿಗೋ ಹಾಸನಾಂಬೆಗೋ ಅವರು ಬಂದದ್ದರ ಬಗ್ಗೆ ಇರುತ್ತದೆ.

ಹೆಂಗಸರು ಮಕ್ಕಳು ಇರ್ತಾರೆ. ಪೆಟ್ರೋಲ್ ಬಂಕಲ್ಲಿ ಮಲಗೋದು ಸೇಫಾ?

ಹೆದ್ದಾರಿಯ ದೊಡ್ಡ ಬಂಕು ಆದರೆ ಪರವಾಗಿಲ್ಲ. ಬೆಳಕಿದೆ, ಕ್ಯಾಮೆರಾ ಇದೆ, ರಾತ್ರಿಯಿಡೀ ಆಳು ಇರುತ್ತಾರೆ. ಅಲ್ಲೇ ಡೀಸೆಲ್ ಹಾಕಿಸಿ, ಮ್ಯಾನೇಜರನ್ನು ಕೇಳಿ, ಲಾರಿಗಳಿಂದ ದೂರ, ಮೂತಿ ಹೊರಕ್ಕೆ ಮಾಡಿ ನಿಲ್ಲಿಸಿ. ಒಲೆ ಹಚ್ಚಲೇಬಾರದು, ಒಂದು ಲೋಟ ಟೀಗೂ. ನಿದ್ದೆ ಅಷ್ಟಕ್ಕಷ್ಟೇ, ಇದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ. ತುರ್ತಿಗೆ 112, ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033.

ಸೆಕೆಗೆ ನಿದ್ದೆ ಬರಲ್ಲ. ಎಂಜಿನ್ ಆನ್ ಇಟ್ಟು ಎಸಿ ಹಾಕಿ ಮಲಗಬಹುದಾ?

ಖಂಡಿತ ಬೇಡ. ನಿಂತ ಗಾಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕಿಟಕಿ ಮುಚ್ಚಿ ಒಲೆ ಉರಿಸಿದರೂ ಇದೇ ಅಪಾಯ.

ಗಾಳಿಯ ಲೆಕ್ಕ ತಿಳಿದರೆ ಎಸಿ ಇಲ್ಲದೆ ಮಲಗಬಹುದು. ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಕಡಲಿನಿಂದ ಬೀಸುತ್ತದೆ. ಕತ್ತಲಾದ ಮೇಲೆ ನೆಲ ಬೇಗ ತಣಿಯುತ್ತದೆ, ನೀರು ಬೆಚ್ಚಗೇ ಇರುತ್ತದೆ. ಸಂಜೆಯ ಗಾಳಿ ನಿಂತು, ಸ್ವಲ್ಪ ಹೊತ್ತು ಎಲೆ ಅಲುಗುವುದಿಲ್ಲ. ಎಲ್ಲರೂ ಬೈದುಕೊಳ್ಳುವ ಹೊತ್ತು ಅದೇ. ತಡರಾತ್ರಿ ಗಾಳಿ ತಿರುಗಿ ಘಟ್ಟದ ಕಡೆಯಿಂದ ಮೆಲ್ಲಗೆ ಬರುತ್ತದೆ. ಅದಕ್ಕೇ ಹಿಂದಿನ ಬಾಗಿಲು ಪೂರ್ವಕ್ಕೆ ಇರುವಂತೆ ನಿಲ್ಲಿಸಿ, ಕಡಲಿನ ಕಡೆಯದೂ ಒಂದು ಕಿಟಕಿ ತೆಗೆದಿಡಿ. ಬಾಗಿಲಿಗೆ, ಕಿಟಕಿಗೆ ಸೊಳ್ಳೆಪರದೆ ಬೇಕೇ ಬೇಕು. ಮಂಗಳೂರಿಗೆ ಮಲೇರಿಯಾದ ಹಳೆಯ ಹೆಸರಿದೆ.

ಹಗಲು ನೆರಳಲ್ಲಿ ನಿಂತ ಗಾಡಿ ರಾತ್ರಿ ಬೇಗ ತಣಿಯುತ್ತದೆ. ನೆರಳು ತೆಂಗಿನಮರದ್ದು ಆಗದಿರಲಿ. ಇದನ್ನು ಅರಸೀಕೆರೆ, ಚನ್ನರಾಯಪಟ್ಟಣದವರಿಗೂ ನೆನಪಿಸಬೇಕಾಗುತ್ತದೆ, ರಜೆಯಲ್ಲಿ ತಲೆ ಮೇಲೆ ನೋಡುವುದನ್ನು ಬಿಟ್ಟುಬಿಡುತ್ತಾರೆ.

ಕೇಳೋಕೆ ಮುಜುಗರ, ಆದ್ರೂ... ಟಾಯ್ಲೆಟ್ ಏನು ಮಾಡೋದು?

ಮುಜುಗರ ಯಾಕೆ, ಎಲ್ಲರೂ ಕೇಳುತ್ತಾರೆ. ಸಣ್ಣ ವ್ಯಾನ್‌ಗಳಲ್ಲಿ ಡಬ್ಬಿಯಂತೆ ಹೊರಗೆ ತೆಗೆಯುವ ಟಾಯ್ಲೆಟ್ ಇರುತ್ತದೆ. ರಾತ್ರಿ ತುರ್ತಿಗೆ ಮಾತ್ರ ಅದು. ಖಾಲಿ ಮಾಡುವುದು ಗುಂಡಿ ಇರುವ ಪಕ್ಕಾ ಶೌಚಾಲಯದಲ್ಲೇ, ಕೇಳಿಕೊಂಡು. ಹೊಳೆಗೋ ಗಾಳಿಮರದ ತೋಪಿಗೋ ಸುರಿದು ಬಂದರೆ, ಮುಂದೆ ಬರುವ ವ್ಯಾನಿನವರಿಗೆ ಆ ಊರಲ್ಲಿ ಜಾಗ ಸಿಗುವುದಿಲ್ಲ.

## ಊಟ, ನೀರು, ಕಡಲು

ಅಡುಗೆ ಎಲ್ಲ ವ್ಯಾನಲ್ಲೇ ಮಾಡ್ಕೋಬೇಕಾ?

ಮನೆಯಾಕೆಗೆ ಅಲ್ಲೂ ಅದೇ ಕೆಲಸ ಕೊಡುವುದಾದರೆ ಪ್ರವಾಸ ಯಾರಿಗೆ? ಬೆಳಗಿನ ಕಾಫಿ, ರಾತ್ರಿಯ ಗಂಜಿ ಅಷ್ಟೇ ಒಲೆಯ ಮೇಲೆ. ಫಿಲ್ಟರ್, ಕಾಫಿಪುಡಿ ಊರಿಂದಲೇ ಇರಲಿ. ರಾಗಿ ಹುರಿಹಿಟ್ಟು ಒಂದು ಡಬ್ಬ ತನ್ನಿ. ಮಜ್ಜಿಗೆಗೆ ಕಲೆಸಿದರೆ ಒಲೆಯೇ ಬೇಡ, ಸೆಕೆಯಲ್ಲಿ ಹೊಟ್ಟೆಗೂ ತಂಪು.

ಮಧ್ಯಾಹ್ನ ಹೊರಗೆ ತಿನ್ನಿ. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ, ಕೋಳಿ ಸಾರಿನ ಕೋರಿ ರೊಟ್ಟಿ. ಸಸ್ಯಾಹಾರಿಗಳಿಗೆ ಉಡುಪಿಯಲ್ಲಿ ಏನು ಕಮ್ಮಿ? ಬಿಸಿಲಿಗೆ ಪುನರ್ಪುಳಿ (ಕೋಕಂ) ಶರಬತ್ತು, ತಾಟಿನಿಂಗು (ತಾಳೆಹಣ್ಣು). ಸಂಜೆ ಗೋಳಿಬಜೆ.

ಮಲ್ಪೆ ಬಂದರಿಗೆ ಬೆಳಗ್ಗೆ ಬೇಗ ಹೋಗಿ ನೋಡಿ. ನೆಲವೆಲ್ಲ ಒದ್ದೆ, ಬುಟ್ಟಿ ಬುಟ್ಟಿ ಬೂತಾಯಿ ಮೀನು, ಮಂಜುಗಡ್ಡೆ ಪುಡಿ ಮಾಡುವ ಸದ್ದು, ಹರಾಜು ಕೂಗುವವರ ವೇಗಕ್ಕೆ ನಮ್ಮ ಕಿವಿ ಸಾಲುವುದಿಲ್ಲ. ಚಪ್ಪಲಿ ಜಾರುತ್ತದೆ, ಹುಷಾರು. ಮೀನು ಕೊಂಡರೆ ಅಲ್ಲೇ ಕೊಯ್ಯಿಸಿಕೊಳ್ಳಿ. ಹುರಿಯುವುದು ಮಾತ್ರ ವ್ಯಾನಿನ ಹೊರಗೆ, ಗಾಳಿಗೆ ಮರೆಯಾಗಿ. ಒಳಗೆ ಹುರಿದರೆ ಹಾಸಿಗೆಗೆ ಹತ್ತಿದ ವಾಸನೆ ಶಾಲೆ ಶುರುವಾದರೂ ಹೋಗುವುದಿಲ್ಲ.

ಗ್ಯಾಸ್ 5 ಕೆಜಿಯ ಸಣ್ಣ ಸಿಲಿಂಡರ್ ಸಾಕು. ನೆಟ್ಟಗೆ ನಿಲ್ಲಿಸಿ, ಬೆಲ್ಟ್ ಕಟ್ಟಿ, ಓಡುವಾಗ ರೆಗ್ಯುಲೇಟರ್ ಮುಚ್ಚಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಕಿಟಕಿ ತೆಗೆದಿದೆ ಅಂದರೆ ಸಾಲದು, ಸಿಲಿಂಡರಿನ ಕಪಾಟಿಗೆ ತಳದಲ್ಲೇ ತೂತು ಇರಬೇಕು.

ನೀರು ಎಲ್ಲಿ ತುಂಬಿಸ್ಕೊಳ್ಳೋದು?

ಕಡಲಿನ ಪಕ್ಕದ ಬಾವಿಗಳಿಗೆ ಏಪ್ರಿಲ್, ಮೇನಲ್ಲಿ ಉಪ್ಪು ಏರುತ್ತದೆ. ಟ್ಯಾಂಕಿಗೆ ಹಾಕುವ ಮೊದಲು ಒಂದು ಗುಟುಕು ಬಾಯಿಗೆ ಹಾಕಿ ನೋಡಿ. ಉಡುಪಿ ನಗರಕ್ಕೆ ಬಹುಕಾಲದಿಂದ ನೀರು ಕೊಟ್ಟಿರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟು. ಬೇಸಿಗೆಯ ಕೊನೆಗೆ ಅದೂ ತಳ ಕಾಣುತ್ತದೆ, ಹಾಗಾಗಿ ‘ಸ್ನಾನಕ್ಕೆ ನೂರು ಲೀಟರ್’ ಎಂದು ಕೇಳುವ ಮೊದಲು ಯೋಚಿಸಿ. ತಲೆಗೆ ದಿನಕ್ಕೆ 4 ಲೀಟರ್ ಕುಡಿಯುವ ನೀರು ಲೆಕ್ಕ ಇಡಿ. ಬಾಯಾರಿಕೆಗೆ ಬೊಂಡ ಇದ್ದೇ ಇದೆ, ನಮ್ಮ ಕಡೆ ಎಳನೀರು ಅನ್ನುತ್ತೇವಲ್ಲ, ಅದೇ.

ಸಮುದ್ರಕ್ಕೆ ಇಳಿಯೋಕೆ ಯಾವ ಜಾಗ ಸೇಫ್? ನಮ್ಮ ಹುಡುಗರು ಕೆರೇಲಿ ಚೆನ್ನಾಗಿ ಈಜ್ತಾರೆ.

ಕೆರೆಯ ಈಜು ಕಡಲಿಗೆ ನಡೆಯುವುದಿಲ್ಲ. ಅಪಾಯಕ್ಕೆ ಸಿಕ್ಕುವವರಲ್ಲಿ ಈಜು ಬರುತ್ತದೆ ಎಂದು ಧೈರ್ಯ ಮಾಡಿದವರೂ ಇರುತ್ತಾರೆ.

ಜೀವರಕ್ಷಕರು ಇರುವ ಕಡೆ ಮಾತ್ರ ಇಳಿಯಿರಿ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅಲ್ಲಿ ಗಡಿ ಹಾಕಿದ ಜಾಗ, ಕಾವಲು, ಸ್ನಾನದ ವ್ಯವಸ್ಥೆ ಇದೆ. ಮಲ್ಪೆಯಲ್ಲೂ ಕಾವಲಿದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ನೋಡಲು ಅದಕ್ಕಿಂತ ಚಂದದ ಜಾಗ ಕಮ್ಮಿ, ಆದರೆ ಈಜಲು ಅಲ್ಲ. ನದಿ ಕಡಲು ಸೇರುವ ಅಳಿವೆಯಲ್ಲಂತೂ ಮೊಣಕಾಲಷ್ಟು ನೀರಿಗೂ ಇಳಿಯಬೇಡಿ.

ತೆರೆಗಳ ನಡುವೆ ಒಂದು ಕಡೆ ಮಾತ್ರ ತೆರೆ ಒಡೆಯದೆ, ನೀರು ಶಾಂತವಾಗಿ, ಸ್ವಲ್ಪ ಕಂದಾಗಿ ಕಂಡರೆ ಅಲ್ಲಿಗೆ ಹೋಗಬೇಡಿ. ದಡಕ್ಕೆ ಬಂದ ನೀರು ಒಳಕ್ಕೆ ಹಿಂದಿರುಗುವ ದಾರಿ ಅದು. ಸಿಕ್ಕಿಕೊಂಡರೆ ದಡಕ್ಕೆ ನೇರ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ಮೇ ಮಧ್ಯದ ನಂತರ ಕಡಲು ಮಳೆಗಾಲದ ಗುಣ ತೋರಿಸುತ್ತದೆ. ತೌಕ್ತೆ ಚಂಡಮಾರುತ ಬಂದದ್ದು 2021ರ ಮೇನಲ್ಲೇ. ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ದೋಣಿ ಹೋಗುವುದೂ ಆ ಹೊತ್ತಿಗೆ ನಿಲ್ಲುತ್ತದೆ, ಹೋಗುವುದಾದರೆ ಏಪ್ರಿಲ್‌ನಲ್ಲೇ ಹೋಗಿ.

ದಾರೀಲಿ ಏನೇನು ನೋಡ್ಲೇಬೇಕು?

‘ಲೇಬೇಕು’ ಏನಿಲ್ಲ. 1901ರ ಕಾಪು ದೀಪಸ್ತಂಭ ಸಂಜೆಗೆ ಚೆನ್ನ. ಸ್ವರ್ಣಾ ನದಿಗೂ ಕಡಲಿಗೂ ನಡುವೆ ಪಟ್ಟಿಯಂತೆ ಚಾಚಿದ ಕೋಡಿಬೆಂಗ್ರೆಗೆ ಬೆಳಗ್ಗೆ ಹೋಗಿ, ತಿರುಗಿಸುವ ಜಾಗ ನೋಡಿಕೊಂಡು. ಮುರ್ಡೇಶ್ವರದ 123 ಅಡಿಯ ಶಿವನನ್ನು ಮಕ್ಕಳು ಬಿಡುವುದಿಲ್ಲ. ನನಗೆ ಅದಕ್ಕಿಂತ ಕುಮಟಾ ಬಳಿಯ ಮಿರ್ಜಾನ್ ಕೋಟೆ ಇಷ್ಟ, ಜನ ಕಮ್ಮಿ. ಗೋಕರ್ಣದ ಪೇಟೆಯೊಳಗೆ ವ್ಯಾನ್ ತರಬೇಡಿ, ಹೊರಗೆ ನಿಲ್ಲಿಸಿ ನಡೆಯಿರಿ.

ಸಂಜೆ ಯಾವುದಾದರೂ ಊರಿನ ಗದ್ದೆಯಲ್ಲಿ ಯಕ್ಷಗಾನದ ರಂಗಸ್ಥಳ ಕಟ್ಟುತ್ತಿರುವುದು ಕಂಡರೆ ಅಂದಿನ ಉಳಿದ ಯೋಜನೆ ಬಿಟ್ಟು ಅಲ್ಲೇ ಹತ್ತಿರ ಜಾಗ ಕೇಳಿ. ರಾತ್ರಿ ಆಟ ನೋಡಿ ನಾಲ್ಕು ಹೆಜ್ಜೆಯಲ್ಲಿ ಹಾಸಿಗೆಗೆ ಬರುವ ಸುಖ ಕಾರಿನವರಿಗೂ ಇಲ್ಲ, ಲಾಡ್ಜಿನವರಿಗೂ ಇಲ್ಲ.

## ಅನುಭವ ಇದ್ದವರಿಗೆ, ಸ್ವಂತ ವ್ಯಾನಿನವರಿಗೆ

ಮರಳಲ್ಲಿ ಚಕ್ರ ಹೂತುಹೋದ್ರೆ ಏನು ಮಾಡೋದು?

ಮೊದಲು ಆಕ್ಸಿಲೇಟರ್‌ನಿಂದ ಕಾಲು ತೆಗೆಯಿರಿ. ತಿರುಗಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಎಲ್ಲರನ್ನೂ ಇಳಿಸಿ, ಚಕ್ರದ ಮುಂದಿನ ಮರಳು ತೆಗೆದು, ಗಾಳಿಯನ್ನು ಮೂರನೇ ಒಂದು ಭಾಗ ಬಿಡಿ. ಟೈರ್ ಅಗಲವಾಗಿ ಕೂರುತ್ತದೆ. ಅಡಿಗೆ ಮ್ಯಾಟ್ ಅಥವಾ ತೆಂಗಿನ ಗರಿ ಹಾಸಿ, ಬಂದ ದಾರಿಯಲ್ಲೇ ನಿಧಾನಕ್ಕೆ ಹಿಂದಕ್ಕೆ ತೆಗೆಯಿರಿ. ಡಾಂಬರಿಗೆ ಬಂದ ಮೇಲೆ ಗಾಳಿ ತುಂಬಿಸದೆ ಹೆದ್ದಾರಿಗೆ ಹೋಗಬೇಡಿ. ಇಳಿತ ಇದ್ದಾಗ ಹೂತರೆ ಭರತಕ್ಕೆ ಕೆಲವೇ ಗಂಟೆ ಇರುತ್ತದೆ, ಹತ್ತಿರದವರನ್ನು ಕೂಗಲು ಸಂಕೋಚ ಬೇಡ.

ಬ್ಯಾಟರಿ ಎಷ್ಟು ಬೇಕು? ಫ್ರಿಜ್ ಇಡಬಹುದಾ?

ಲೆಕ್ಕ ಸುಲಭ. 12 ವೋಲ್ಟ್, 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಅಂದರೆ 1200 ವ್ಯಾಟ್-ಅವರ್. ಮಾಮೂಲಿ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದರೆ ಬೇಗ ಹಾಳು, ಹಾಗಾಗಿ ಕೈಗೆ ಬರುವುದು 600. ಲಿಥಿಯಂ ಆದರೆ 1000 ದಾಟುತ್ತದೆ.

20 ವ್ಯಾಟಿನ ಎರಡು ಫ್ಯಾನು ರಾತ್ರಿ 9 ಗಂಟೆ ತಿರುಗಿದರೆ 360. ದೀಪ, ಫೋನು ಸೇರಿ 100. ಅಲ್ಲಿಗೆ 460, ಆಸಿಡ್ ಬ್ಯಾಟರಿ ಸಾಕು. ಫ್ರಿಜ್ ಸೇರಿದರೆ ಕಥೆ ಬೇರೆ. 45 ವ್ಯಾಟಿನ ಸಣ್ಣ ಫ್ರಿಜ್ ದಿನದ ಅರ್ಧ ಹೊತ್ತು ಓಡಿದರೂ 540, ಒಟ್ಟು 1000. ಲಿಥಿಯಂ ಇಲ್ಲದೆ ಆಗದು.

ಸೋಲಾರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಪ್ಯಾನೆಲ್‌ಗೆ ಬಿಸಿಲು ಬೇಕು, ಮಲಗುವವರಿಗೆ ನೆರಳು ಬೇಕು, ಎರಡೂ ಒಂದೇ ಮರದ ಕೆಳಗೆ ಸಿಗುವುದಿಲ್ಲ. ಓಡುವಾಗ ಆಲ್ಟರ್ನೇಟರಿನಿಂದ ಚಾರ್ಜ್ ಆಗುವ ಡಿಸಿ ಚಾರ್ಜರ್ ಹಾಕಿಸಿ. 20 ಆಂಪಿನದಾದರೆ ಎರಡು ಗಂಟೆ ಓಡಿಸಿದಾಗ ಸುಮಾರು 500 ಬರುತ್ತದೆ. ಐಸ್ ಬಾಕ್ಸ್ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ. ಮೀನುಪೇಟೆ ಇರುವ ಊರಲ್ಲೆಲ್ಲ ಐಸ್ ಸಿಗುತ್ತದೆ.

ನಮ್ಮ ಹಳೇ ಗಾಡೀನೇ ಕ್ಯಾಂಪರ್ ಮಾಡಿಸ್ತೀನಿ. ಆರ್‌ಟಿಒ ಒಪ್ಪುತ್ತಾ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡನ್ನು ಅನುಮತಿ ಇಲ್ಲದೆ ಮಾಡುವಂತಿಲ್ಲ. ಸೀಟು ತೆಗೆಯುವುದು, ಟಾಪ್ ಕತ್ತರಿಸಿ ಎತ್ತರಿಸುವುದು ಇದರಲ್ಲಿ ಬರುತ್ತವೆ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್ 124 ಎಂಬ ಮಾನದಂಡವೇ ಇದೆ. ಗ್ಯಾರೇಜಿಗೆ ಬಿಡುವ ಮೊದಲು ಆರ್‌ಟಿಒ ಕಚೇರಿಗೂ ಇನ್ಶೂರೆನ್ಸಿನವರಿಗೂ ಹೋಗಿ ಬನ್ನಿ. ‘ಎಲ್ಲಾ ನಾವು ಮಾಡಿಸಿಕೊಡ್ತೀವಿ’ ಅನ್ನುವವರ ಮಾತನ್ನು ಕಾಗದದಲ್ಲಿ ಕೇಳಿ. ಮೊದಲ ವರ್ಷಕ್ಕೆ ಸೀಟು ಮಡಚಿ ಮೇಲೆ ಇಡುವ, ಬೇಡವಾದಾಗ ಎತ್ತಿ ಇಳಿಸುವ ಪ್ಲೈವುಡ್ ಮಂಚ ಸಾಕು. ಈ ರೀತಿಯ ಪ್ರವಾಸ ನಿಮಗೆ ಹಿಡಿಸುತ್ತದೋ ಇಲ್ಲವೋ ಅಷ್ಟರಲ್ಲೇ ತಿಳಿಯುತ್ತದೆ.

ಕಾರವಾರದವರೆಗೆ ಹೋದವರು ಗೋವಾ ದಾಟಿಬಿಡೋಣ ಅಂತ. ಏನಾದ್ರೂ ತೊಂದರೆ?

ಸ್ವಂತ ಬಿಳಿ ಬೋರ್ಡ್ ಆದರೆ ಮಾಜಾಳಿಯಲ್ಲಿ ಗಡಿ ದಾಟಬಹುದು. ಹಳದಿ ಬೋರ್ಡಿಗೆ ಪರ್ಮಿಟ್, ತೆರಿಗೆ ನೋಡಿಕೊಳ್ಳಬೇಕು, ಬುಕ್ ಮಾಡುವಾಗಲೇ ಹೇಳಿಬಿಡಿ. ಗೋವಾದಲ್ಲಿ ಪ್ರವಾಸಿಗರು ಬಯಲಲ್ಲಿ ಅಡುಗೆ ಮಾಡಿದರೆ ದಂಡ ಇದೆ. ಒಲೆ ಒಳಗೇ ಇರಲಿ.

ವಾಪಸ್ ಬಂದ ಮೇಲೆ ಗಾಡಿಗೆ ಏನು ಮಾಡಿಸಬೇಕು?

ಉಪ್ಪು ತೊಳೆಸಬೇಕು, ಅದೂ ಬಂದ ಮಾರನೇ ದಿನವೇ. ಮೇಲಿನ ಬಣ್ಣ ಚೆನ್ನಾಗಿ ಕಾಣುತ್ತಿರುತ್ತದೆ, ತುಕ್ಕು ಶುರುವಾಗುವುದು ಕೆಳಗೆ. ಸರ್ವೀಸ್ ಸ್ಟೇಷನ್ನಿನಲ್ಲಿ ರ‍್ಯಾಂಪ್ ಮೇಲೆ ಹತ್ತಿಸಿ, ಚಾಸಿ, ಸ್ಪ್ರಿಂಗ್ ಪ್ಲೇಟ್, ಚಕ್ರದ ಒಳಭಾಗಕ್ಕೆ ಸಿಹಿನೀರು ಜೋರಾಗಿ ಹೊಡೆಸಿ. ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ, ಮರಳು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ. ನೀರಿನ ಟ್ಯಾಂಕು ಪೂರ್ತಿ ಖಾಲಿ ಮಾಡಿ ಮುಚ್ಚಳ ತೆರೆದಿಡಿ, ಹಾಸಿಗೆಯನ್ನು ಎರಡು ದಿನ ಬಿಸಿಲಿಗೆ ಹಾಕಿ. ಬ್ಯಾಟರಿ ಟರ್ಮಿನಲ್ ಒರೆಸಿ ಗ್ರೀಸ್ ಹಚ್ಚಿ. ಬ್ರೇಕ್ ಲೈನರನ್ನೂ ಅದೇ ಸಲ ತೋರಿಸಿಬಿಡಿ, ಘಟ್ಟ ಹತ್ತಿ ಇಳಿದ ಮೇಲೆ ಎಷ್ಟು ಉಳಿದಿದೆ ಎಂದು ಮೆಕ್ಯಾನಿಕ್ ನೋಡಿದ ತಕ್ಷಣ ಹೇಳುತ್ತಾರೆ.